ಕನ್ನಡಿ ಪಕ್ಕದ ಚೌಕಟ್ಟು

“ಇದನ್ನ ಇಲ್ಲಿ ನೇತುಹಾಕಿದ್ದು ಯಾರು?”

ಗರಗಸ ಕೇಳಿದ ರೀತಿಗೆ ಹೊಲಿಗೆ ಯಂತ್ರವೇ ಬೆದರಿ ನಿಂತಂತಾಯಿತು. ದರ್ಜಿ ಅಕ್ಕ ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ತೆಗೆದು ಮುಂಗೈಗೆ ಕಟ್ಟಿದ ಪುಟ್ಟ ದಿಂಬಿಗೆ ಚುಚ್ಚಿದಳು.

“ನಾನೇ. ಯಾಕೆ, ಚೆನ್ನಾಗಿಲ್ವಾ?”

ಅಳತೆ ನೋಡುವ ಕೋಣೆ ಅದು. ಇಬ್ಬರು ನಿಂತರೆ ಮೊಣಕೈ ತಾಗುವಷ್ಟು ಜಾಗ. ಗೋಡೆಗೆ ಆಳೆತ್ತರದ ಕನ್ನಡಿ. ಕನ್ನಡಿಯ ಪಕ್ಕದಲ್ಲಿ ಕಟ್ಟು ಹಾಕಿಸಿದ ಒಂದು ಕಸೂತಿ. ತಿಳಿನೀಲಿ ಬಟ್ಟೆ, ಸುತ್ತ ಹಸಿರು ಬಳ್ಳಿ, ಮೇಲೆ ಎರಡು ಹಕ್ಕಿ. ನಟ್ಟನಡುವೆ ಕೆಂಪು ದಾರದಲ್ಲಿ ಮನೆಯ ವೈಫೈ ಹೆಸರು, ಅದರ ಕೆಳಗೆ ಪಾಸ್‌ವರ್ಡು. ‘ತಮ್ಮ ಬಂಗಾರ’ ಎಂದು ಬರೆದು ಮುಂದೆ ಒಂದರಿಂದ ಎಂಟರವರೆಗೆ ಅಂಕಿ.

“ಚೆನ್ನಾಗಿಲ್ದೆ ಏನು! ಮನೆ ಬೀಗದ ಕೈನ ಬಾಗಿಲಿಗೇ ನೇತುಹಾಕಿದ್ದೀಯ. ಸಾಲದು ಅಂತ ಅದಕ್ಕೊಂದು ಬಳ್ಳಿ ಬೇರೆ ಹೊಲಿದಿದ್ದೀಯ.”

ಗರಗಸ ಎಂದರೆ ಪೊಲೀಸ್ ಇಲಾಖೆ ಬಿಟ್ಟು ಬಂದು ಸ್ವಂತ ಪತ್ತೇದಾರಿಕೆ ನಡೆಸುತ್ತಿದ್ದ ಹೆಂಗಸು. ಹೆಸರಿಟ್ಟವರು ಅವಳ ಕೈಕೆಳಗಿನ ಪೇದೆಗಳು. ಯಾಕಿಟ್ಟರು ಎಂದು ಅವಳ ಎದುರು ಐದು ನಿಮಿಷ ನಿಂತ ಯಾರೂ ಕೇಳುವುದಿಲ್ಲ.

ಅಕ್ಕ ಕಾಲು ಹಿಡಿದು ಕೇಳಿಕೊಂಡಿದ್ದಕ್ಕೆ ಅವಳು ಈ ಮನೆಗೆ ಬಂದದ್ದು, ನಾಲ್ಕು ಸಂದೇಶಗಳ ಬೆನ್ನು ಹತ್ತಿ. ನಾಲ್ಕೂ ಈ ಮನೆಯ ಇಂಟರ್ನೆಟ್ಟಿನಿಂದ ಹೋಗಿವೆ ಎಂಬ ಒಂದೇ ಆಧಾರದ ಮೇಲೆ ಅಕ್ಕನ ತಮ್ಮ, ಆಸ್ಪತ್ರೆಯ ಆಂಬುಲೆನ್ಸ್ ಓಡಿಸುವವನು, ಠಾಣೆಯಲ್ಲಿ ಕೂತಿದ್ದ.

ಮೊದಲ ಮೂರು ಹೋಗಿದ್ದು ಆಸ್ಪತ್ರೆಯ ಎಲ್ಲರ ಫೋನಿಗೆ. ತಪ್ಪು ಸೂಜಿ ಕೊಟ್ಟು ಒಬ್ಬ ಮುದುಕನನ್ನು ಕೊಂದ ನರ್ಸು ಇನ್ನೂ ಅದೇ ಸಮವಸ್ತ್ರ ಹಾಕಿಕೊಂಡು ಓಡಾಡುತ್ತಿದ್ದಾಳೆ ಎಂಬ ಮಾತು. ನಾಲ್ಕನೆಯದು ಬೇರೆ ಖಾತೆಯಿಂದ, ಡಾಕ್ಟರೊಬ್ಬರಿಗೇ. ಅದರಲ್ಲಿದ್ದದ್ದು ಬೆದರಿಕೆ. ಅದು ತಲುಪಿದ ಮಾರನೆಯ ಬೆಳಿಗ್ಗೆ ಡಾಕ್ಟರು ಆಸ್ಪತ್ರೆಯ ಹಿಂದಿನ ಮೆಟ್ಟಿಲ ಬುಡದಲ್ಲಿ ತಲೆಯೊಡೆದುಕೊಂಡು ಬಿದ್ದಿದ್ದರು. ಇನ್ನೂ ಕಣ್ಣು ಬಿಟ್ಟಿಲ್ಲ. ಬಿಡದೆ ಹೋದರೆ ತಮ್ಮನ ಮೇಲೆ ಕೊಲೆಯ ಆರೋಪ.

ತಮಾಷೆಯ ವಿಷಯವೆಂದರೆ, ಆ ನರ್ಸು ತಮ್ಮನಿಗೆ ಮದುವೆ ಗೊತ್ತಾಗಿದ್ದ ಹುಡುಗಿ. ತಾನು ಮದುವೆಯಾಗುವವಳ ಮಾನವನ್ನು ತಾನೇ ಯಾಕೆ ಹರಾಜು ಹಾಕುತ್ತಾನೆ? ಕೇಳಿದರೆ ಅವನು ಬಾಯಿ ಬಿಡುತ್ತಿಲ್ಲ. ‘ನಾನಲ್ಲ’ ಎಂಬ ಒಂದು ಮಾತು ಕೂಡ ಇಲ್ಲ.

“ಗಿರಾಕಿಗಳು ಕಾಯ್ತಾ ಕೂತಿರ್ತಾರಲ್ಲ, ಬೇಜಾರಾಗಬಾರದು ಅಂತ ಹೊಲಿದು ಹಾಕ್ದೆ,” ಎಂದಳು ಅಕ್ಕ. “ಒಬ್ಬೊಬ್ಬರೂ ಕೇಳೋರು, ನಾನು ಒಬ್ಬೊಬ್ಬರಿಗೂ ಹೇಳ್ಬೇಕು, ಹೊಲಿಗೆ ತಪ್ಪೋದು.”

“ಫೋನ್ ಕೊಡು ಇಲ್ಲಿ.”

ಅಕ್ಕನ ಅಂಗಡಿಗೆ ಫೋನಿನಲ್ಲೊಂದು ಪುಟವಿತ್ತು. ಹೊಸ ಉಡುಪು ತೊಟ್ಟ ಹೆಂಗಸರು ಕನ್ನಡಿಯ ಪಕ್ಕದಲ್ಲಿ ನಿಂತು ತೆಗೆಸಿಕೊಂಡ ಫೋಟೋಗಳು ಅದರ ತುಂಬ. ಸೊಂಟದ ಮೇಲೆ ಕೈಯಿಟ್ಟವರು, ನೆರಿಗೆ ಹರಡಿದವರು, ಹೊಟ್ಟೆ ಒಳಗೆಳೆದುಕೊಂಡವರು. ಗರಗಸ ಒಂದನ್ನು ಬೆರಳಲ್ಲಿ ಹಿಗ್ಗಿಸಿದಳು. ಹೆಂಗಸಿನ ಕಿವಿಯ ಹಿಂದೆ ಎರಡು ಹಕ್ಕಿ, ಕೆಂಪು ದಾರ, ತಮ್ಮ ಬಂಗಾರ.

ಇನ್ನೊಂದು ಹಿಗ್ಗಿಸಿದಳು. ಅದರಲ್ಲೂ ಅದೇ. ಮದುಮಗಳೊಬ್ಬಳ ಫೋಟೋದಲ್ಲಂತೂ ಮುಖಕ್ಕಿಂತ ಪಾಸ್‌ವರ್ಡೇ ಸ್ಪಷ್ಟವಾಗಿತ್ತು.

“ಇದನ್ನ ಎಷ್ಟು ಜನ ನೋಡಿದ್ದಾರೆ?”

ಅಕ್ಕನ ಕುತ್ತಿಗೆಯಿಂದ ಕಿವಿಯವರೆಗೆ ಕೆಂಪು ಏರಿತು. “ನೂರಾರು ಜನ ಮೆಚ್ಕೊಂಡಿದ್ದಾರೆ,” ಎಂದಳು. “ನನ್ನ ಹೊಲಿಗೆ ಮೆಚ್ಕೊಂಡ್ರು ಅಂದ್ಕೊಂಡಿದ್ದೆ.”

ಅವಳು ಸ್ಟೂಲಿನ ಮೇಲೆ ಕುಸಿದಳು. ಕೊರಳಿನಿಂದ ಇಳಿಬಿದ್ದ ಅಳತೆ ಟೇಪಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದಳು.

“ಅವನನ್ನ ಕರ್ಕೊಂಡು ಹೋಗುವಾಗ ಬೀದಿಯೆಲ್ಲ ಹೊರಗೆ ನಿಂತಿತ್ತು. ನಾನು ಮಾತ್ರ ಬಾಗಿಲ ಹಿಂದೆ ನಿಂತಿದ್ದೆ. ಹೊರಗೆ ಬರೋಕೆ ಮುಖ ಇರಲಿಲ್ಲ. ಎತ್ತಿ ಆಡಿಸಿ ಬೆಳೆಸಿದ ತಮ್ಮ, ಅವನ ಜೊತೆ ನಾಲ್ಕು ಹೆಜ್ಜೆ ಹೋಗ್ಲಿಲ್ಲ ನಾನು.”

ಗರಗಸಳಿಗೆ ಅಳುವವರನ್ನು ಕಂಡರೆ ಸಿಟ್ಟು. ಸಮಾಧಾನ ಹೇಳಲು ಬಾರದ್ದಕ್ಕೆ ಬರುವ ಸಿಟ್ಟು ಅದು. “ಅಳೋದನ್ನ ಆಮೇಲೆ ಇಟ್ಕೋ. ಈ ವೈಫೈ ಡಬ್ಬಿ ಹಾಕಿಕೊಟ್ಟ ಮಹಾನುಭಾವ ಯಾರು? ಕರೆಸು ಅವನನ್ನ.”

ಅಕ್ಕ ತಲೆಯೆತ್ತಿದಳು. “ಅಂದ್ರೆ ಈಗ ಯಾರು ಬೇಕಾದ್ರೂ ಕಳಿಸಿರಬಹುದು ಅಲ್ವಾ? ಹೀಗಂತ ಠಾಣೇಲಿ ಹೇಳಿದ್ರೆ ಅವನನ್ನ ಬಿಡ್ತಾರಾ? ಯಾರಂತ ಗೊತ್ತಾಗದೆ ಇದ್ರೂ ಬಿಡ್ತಾರಾ?”

ಅವಳ ಮುಖದಲ್ಲಿ ನಾಚಿಕೆಯ ಜೊತೆ ಏನೋ ಸಡಿಲವಾದದ್ದು ಗರಗಸಳಿಗೆ ಕಂಡಿತು. ತಮ್ಮ ಉಳಿದನಲ್ಲ ಎಂಬ ನೆಮ್ಮದಿ ಎಂದುಕೊಂಡಳು.

“ಯಾರು ಬೇಕಾದ್ರೂ ಅಲ್ಲ. ಪಾಸ್‌ವರ್ಡು ಊರಿಗೆಲ್ಲ ಗೊತ್ತಿರಬಹುದು. ಆದ್ರೆ ಈ ಡಬ್ಬಿ ಸಿಗ್ನಲ್ಲು ನಾಲ್ಕು ಮನೆ ದಾಟಿ ಆಚೆ ಹೋಗಲ್ಲ. ಕಳಿಸಿದವರು ಇಲ್ಲೇ, ಕೂಗಿದ್ರೆ ಕೇಳೋ ದೂರದಲ್ಲಿ ಕೂತು ಕಳಿಸಿದ್ದಾರೆ.”

*

ಬೀದಿಯವರೆಲ್ಲ ಅವನನ್ನು ಕೇಬಲ್ ಭಾವ ಎನ್ನುತ್ತಿದ್ದರು. ಯಾರ ಅಕ್ಕನನ್ನು ಮದುವೆಯಾಗಿ ಭಾವನಾದ ಎಂಬುದು ಯಾರಿಗೂ ಗೊತ್ತಿಲ್ಲ. ಹೆಗಲಲ್ಲಿ ತಂತಿಯ ಸುರುಳಿ, ಸೊಂಟದಲ್ಲಿ ಇಕ್ಕಳ, ಬಾಯಲ್ಲಿ ‘ಆಗುತ್ತೆ ಬಿಡಿ’. ಆ ಮೂರರ ಮೇಲೆ ಅವನ ಜೀವನ ನಡೆಯುತ್ತಿತ್ತು.

“ನಮಸ್ಕಾರ ಮೇಡಂ. ನೆಟ್ ಸ್ಲೋ ಇದ್ಯಾ? ಒಂದ್ಸಲ ಆಫ್ ಮಾಡಿ ಆನ್ ಮಾಡಿ, ಆಗುತ್ತೆ ಬಿಡಿ.”

“ನಿನ್ನನ್ನ ಆಫ್ ಮಾಡ್ತೀನಿ ಮೊದಲು. ಕೂತ್ಕೋ. ಈ ಡಬ್ಬಿ ಒಳಗೆ ಹೋಗಿ ಸೆಟಿಂಗು ಬದಲಾಯಿಸೋಕೆ ಬೇರೆ ಪಾಸ್‌ವರ್ಡು ಇರುತ್ತಲ್ಲ, ಏನದು?”

ಭಾವ ಅಕ್ಕನ ಕಡೆ ನೋಡಿದ. ಅಕ್ಕ ಗೋಡೆ ನೋಡುತ್ತಿದ್ದಳು.

“ಕಂಪನಿಯಿಂದ ಬಂದಿದ್ದೇ ಇದೆ,” ಎಂದ. “‘ಅಡ್ಮಿನ್’. ಹೆಸರೂ ಅದೇ, ಪಾಸ್‌ವರ್ಡೂ ಅದೇ.”

“ಬದಲಾಯಿಸ್ಲಿಲ್ಲ?”

“ಬದಲಾಯಿಸಿದ್ರೆ ಜನ ಮರೀತಾರೆ ಮೇಡಂ. ಮರೆತ್ರೆ ನನಗೆ ಫೋನು. ಊಟಕ್ಕೆ ಕೂತಾಗ ಫೋನು, ಸ್ನಾನಕ್ಕೆ ಹೋದಾಗ ಫೋನು. ಅದಕ್ಕೇ ಎಲ್ಲರ ಮನೇಲೂ ಒಂದೇ ಇಟ್ಟಿದ್ದೀನಿ. ನನಗೂ ಸುಲಭ, ಅವರಿಗೂ ಸುಲಭ.”

“ಕಳ್ಳನಿಗೂ ಸುಲಭ.”

“ಇಲ್ಲಿ ಕಳ್ಳ ಯಾರು ಬರ್ತಾನೆ ಮೇಡಂ? ಎಲ್ಲ ನಮ್ಮೋರೇ.”

ಗರಗಸ ಹಲ್ಲು ಮಸೆದಳು. “ನಮ್ಮೋರು! ಆ ನಮ್ಮೋರಲ್ಲೊಬ್ಬರು ಈ ಮನೆ ಗಾಳಿ ಕದ್ದು ಒಬ್ಬ ಹೆಣ್ಣುಮಗಳ ಬದುಕಿಗೆ ಕೆಸರು ಎರಚಿದ್ದಾರೆ. ಒಬ್ಬ ಡಾಕ್ಟರು ಉಸಿರಾಡೋ ಯಂತ್ರಕ್ಕೆ ಅಂಟ್ಕೊಂಡು ಮಲಗಿದ್ದಾನೆ. ಆ ಹುಡುಗ ಲಾಕಪ್ಪಲ್ಲಿ ನೆಲದ ಮೇಲೆ ಕೂತಿದ್ದಾನೆ. ನಿನಗೆ ಊಟಕ್ಕೆ ಕೂತಾಗ ಫೋನು ಬರುತ್ತೆ ಅಂತ! ಈ ಡಬ್ಬಿ ಹಿಂದೆ ಒಂದು ಗುಂಡಿ ಇದೆಯಲ್ಲ, ಅದನ್ನ ಒತ್ತಿದ್ರೆ ಪಾಸ್‌ವರ್ಡೇ ಇಲ್ದೆ ಒಳಗೆ ಬರಬಹುದು. ಅದನ್ನೂ ಆನ್ ಇಟ್ಟಿದ್ದೀಯ. ತಂತ್ರಾಂಶ ಹಾಕಿದ ದಿನದಿಂದ ಹೊಸದು ಮಾಡಿಲ್ಲ. ಕೆಲಸ ಮಾಡಿದ್ಯೋ, ಡಬ್ಬಿ ಇಟ್ಟು ಹೋದ್ಯೋ?”

ಭಾವ ತಂತಿಯ ಸುರುಳಿಯನ್ನು ಹೆಗಲಿಂದ ಇಳಿಸಿದ. ಆಮೇಲೆ ಮೆಲ್ಲಗೆ, ಬೇಕೆಂದೇ ಮೆಲ್ಲಗೆ ಹೇಳಿದ: “ನಿಮ್ಮ ಮನೇಲಿ ಹಾಕಿದ್ದೂ ನಾನೇ ಮೇಡಂ.”

ಗರಗಸ ಗಕ್ಕನೆ ಅವನ ಕಡೆ ತಿರುಗಿದಳು.

“ಏನಂದೆ?”

“ನಿಮ್ಮದೂ ಅದೇ. ಅಡ್ಮಿನ್. ಬದಲಾಯಿಸ್ಲಾ ಅಂತ ಕೇಳಿದ್ದೆ. ‘ನನ್ನ ಮನೆಗೆ ನುಗ್ಗೋ ಧೈರ್ಯ ಯಾರಿಗಿದ್ಯೋ, ಹೋಗ್ಹೋಗು’ ಅಂತ ಬೈದು ಕಳಿಸಿದ್ರಿ.”

ಇಲಾಖೆಯಲ್ಲಿದ್ದಾಗ ದೊಡ್ಡ ದೊಡ್ಡವರ ಬಾಯಿ ಮುಚ್ಚಿಸಿದ ಹೆಂಗಸು ಆ ಒಂದು ಕ್ಷಣ ಡಬ್ಬಿಯ ಹಸಿರು ದೀಪಗಳನ್ನು ನೋಡಿದಳು. ಈ ಪ್ರಕರಣದ ಎಲ್ಲ ಕಾಗದ, ಎಲ್ಲ ಹೇಳಿಕೆ, ಅವಳ ಮನೆಯ ಕಂಪ್ಯೂಟರಿನಲ್ಲಿತ್ತು.

“ಮೊದಲು ಇಲ್ಲಿದ್ದು ಮುಗಿಸು,” ಎಂದಳು. ದನಿ ಇಳಿದಿತ್ತು. “ಆಮೇಲೆ ನಮ್ಮನೆಗೆ ಬಾ. ಯಾರಿಗೂ ಹೇಳ್ಬೇಡ.”

“ಆಗುತ್ತೆ ಬಿಡಿ,” ಎಂದ ಭಾವ. ನಗು ತಡೆದುಕೊಂಡಿದ್ದಕ್ಕೆ ಅವನ ಮೀಸೆ ನಡುಗಿತು.

ಅವನು ಲ್ಯಾಪ್‌ಟಾಪ್ ತೆರೆದ. ಡಬ್ಬಿಯ ಒಳಗಿನ ಪಾಸ್‌ವರ್ಡು ಬದಲಾಯಿತು. ಹಿಂದಿನ ಗುಂಡಿಯ ಸೌಲಭ್ಯ ಮುಚ್ಚಿತು. ಹೊರಗಿನಿಂದ ಡಬ್ಬಿಯನ್ನು ಆಳುವ ದಾರಿ ತೆರೆದೇ ಇತ್ತು, ಅದಕ್ಕೂ ಕದ ಬಿತ್ತು. ಹೊಸ ತಂತ್ರಾಂಶ ಇಳಿದು ಡಬ್ಬಿ ಒಮ್ಮೆ ಕಣ್ಣು ಮುಚ್ಚಿ ತೆರೆಯಿತು.

“ಈಗ ವೈಫೈ ಪಾಸ್‌ವರ್ಡು,” ಗರಗಸ ಅಕ್ಕನನ್ನು ಲ್ಯಾಪ್‌ಟಾಪ್ ಮುಂದೆ ಕೂರಿಸಿದಳು. “ತಮ್ಮ, ಅಕ್ಕ, ಹುಟ್ಟಿದ ದಿನ ಯಾವುದೂ ಬೇಡ. ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕೈದು ಮಾತು ಸೇರಿಸಿ ಉದ್ದಕ್ಕೆ ಬರಿ. ನೀನು ಮಾತ್ರ ಮರೀಬಾರದು. ನನಗೂ ಹೇಳ್ಬೇಡ.”

ಅವಳು ಬೆನ್ನು ತಿರುಗಿಸಿ ನಿಂತಳು. ಭಾವನನ್ನೂ ಭುಜ ಹಿಡಿದು ತಿರುಗಿಸಿದಳು.

“ಗಿರಾಕಿಗಳಿಗೆ ಏನ್ಮಾಡ್ಲಿ?” ಎಂದಳು ಅಕ್ಕ.

“ಅತಿಥಿಗಳಿಗೆ ಅಂತಲೇ ಬೇರೆ ವೈಫೈ ಮಾಡಬಹುದು,” ಭಾವ ಗೋಡೆಗೆ ಹೇಳಿದ. “ಅದರಲ್ಲಿ ಬಂದೋರು ನಿಮ್ಮ ಫೋನು, ಕಂಪ್ಯೂಟರು ಯಾವುದನ್ನೂ ಮುಟ್ಟೋಕಾಗಲ್ಲ. ಆಗಾಗ ಪಾಸ್‌ವರ್ಡು ಬದಲಾಯಿಸ್ತಾ ಇದ್ರಾಯ್ತು.”

“ಅದು ನಾಳೆಗೆ,” ಎಂದಳು ಗರಗಸ. “ಇವತ್ತು ಯಾರಿಗೂ ನೆಟ್ ಇಲ್ಲ. ಹೆಸರು ಹಳೇದೇ ಇರಲಿ. ಗೋಡೆ ಮೇಲೆ ಚೌಕಟ್ಟೂ ಹಾಗೇ ಇರಲಿ. ಬಿಟ್ಟಿ ಗಾಳಿ ಕುಡಿದೋರಿಗೆ ಅದು ತಟ್ಟನೆ ನಿಂತ್ರೆ ಉಸಿರು ಕಟ್ಟುತ್ತೆ. ಯಾರಿಗೆ ಕಟ್ಟುತ್ತೋ ಅವರೇ ಬಾಗಿಲಿಗೆ ಬರ್ತಾರೆ.”

ಅಕ್ಕ ಕೀಲಿಮಣೆಯ ಮೇಲೆ ಬೆರಳಿಟ್ಟುಕೊಂಡೇ ಕೇಳಿದಳು: “ಯಾರೂ ಬರದೆ ಇದ್ರೆ?”

“ಬರ್ತಾರೆ.”

*

ಮೊದಲು ಬಂದವರು ಮಹಡಿಯ ಟ್ಯೂಷನ್ ಮೇಷ್ಟ್ರು. ಮೇಲೆ ಇಸ್ತ್ರಿ ಮಾಡಿದ ಅಂಗಿ, ಕೆಳಗೆ ಮನೆಯಲ್ಲಿ ಉಡುವ ಪಂಚೆ. ಕ್ಯಾಮೆರಾಗೆ ಮೇಲಿನದಷ್ಟೇ ಕಾಣುವುದು ತಾನೇ!

“ಅಲ್ಲಮ್ಮಾ, ನೆಟ್ಟು ನಮ್ಮನೇದು ಮಾತ್ರ ಹೋಗಿದ್ಯಾ, ನಿಮ್ಮದೂ ಹೋಗಿದ್ಯಾ?”

ಅಳತೆ ಕೋಣೆಯ ಪರದೆ ಸರಿಸಿ ಗರಗಸ ಹೊರಬಂದಳು. “ನಿಮ್ಮನೇದು ಅಂದ್ರೆ? ನಿಮ್ಮನೇಲಿ ಡಬ್ಬಿ ಇದೆಯಾ ಮೇಷ್ಟ್ರೇ?”

ಮೇಷ್ಟ್ರು ಪಂಚೆ ನೋಡಿಕೊಂಡರು. ಮೇಲಿಂದ ಕಂಪ್ಯೂಟರಿನಲ್ಲಿ ಮಕ್ಕಳು ‘ಸಾರ್, ಕಾಣ್ತಿಲ್ಲ ಸಾರ್’ ಎಂದು ಕೂಗುವುದನ್ನು ಕೇಳಿಸಿಕೊಳ್ಳುವ ಭಾಗ್ಯವೂ ಈಗ ಅವರಿಗಿರಲಿಲ್ಲ.

“ಹೊಸದಾಗಿ ಹಾಕಿಸ್ಬೇಕು ಅಂತಿದ್ದೆ...”

“ಏನು ಪಾಠ ನಡೀತಿತ್ತು?”

“ನೀತಿ ಪಾಠ,” ಎಂದರು ಮೇಷ್ಟ್ರು, ಕೇಳಿಸೀತೋ ಇಲ್ಲವೋ ಎಂಬಂತೆ.

ಅವರ ಹಿಂದೆಯೇ ಎದುರು ಮನೆಯ ಬೇಕರಿ ಅತ್ತಿಗೆ, ಮೊಣಕೈವರೆಗೆ ಹಿಟ್ಟು. ವಿಡಿಯೋ ನೋಡಿಕೊಂಡು ಮಾಡುತ್ತಿದ್ದಳಂತೆ, ಮೊಟ್ಟೆ ಹಾಕುವ ಹೊತ್ತಿಗೆ ನಿಂತಿತಂತೆ. “ಎಷ್ಟು ಮೊಟ್ಟೆ ಅಂತ ಹೇಳೋ ಮುಂಚೆ ಆ ಹೆಂಗಸು ಬಾಯಿ ತೆರೆದುಕೊಂಡೇ ನಿಂತುಬಿಟ್ಟಿದ್ದಾಳೆ ಅಕ್ಕಾ!” ಎಂದವಳು ಗರಗಸಳನ್ನು ನೋಡಿ ತಾನೂ ಬಾಯಿ ತೆರೆದುಕೊಂಡೇ ನಿಂತಳು.

ಇಬ್ಬರೂ ಒಪ್ಪಿಕೊಂಡರು. ಮೇಷ್ಟ್ರಿಗೆ ಪಾಸ್‌ವರ್ಡು ಸಿಕ್ಕಿದ್ದು ಹೆಂಡತಿಯ ರವಿಕೆಯ ಅಳತೆಗೆ ಬಂದಾಗ. ಅತ್ತಿಗೆಗೆ ಫೋಟೋದಿಂದ. ‘ನಾವೇನು ಒಡವೆ ಕದ್ವಾ’ ಎನ್ನಲು ಹೋಗಿ ಇಬ್ಬರೂ ಅರ್ಧಕ್ಕೇ ನಿಂತರು. ಲಾಕಪ್ಪಿನಲ್ಲಿ ಕೂತ ಹುಡುಗ ಇಬ್ಬರ ಮನೆಯ ಮುದುಕರನ್ನೂ ಆಸ್ಪತ್ರೆಗೆ ಹೊತ್ತೊಯ್ದವನೇ.

“ಅವತ್ತು ಪೊಲೀಸರು ಕೇಳ್ದಾಗ ಹೇಳಬಹುದಿತ್ತಲ್ಲ, ಈ ನೆಟ್ಟು ನಾವೂ ಬಳಸ್ತೀವಿ ಅಂತ?” ಎಂದಳು ಗರಗಸ.

ಮೇಷ್ಟ್ರು ತಲೆ ತಗ್ಗಿಸಿದರು. “ಮರ್ಯಾದೆ ಹೋಗುತ್ತೆ ಅಂತ...”

“ಅವನದು ಹೋದ್ರೆ ಪರವಾಗಿಲ್ಲ. ನಿಮ್ಮದು ಉಳೀಬೇಕು. ಸರಿ, ನಡೀರಿ.”

ಅವರು ಹೋದರು. ಗರಗಸಳಿಗೆ ಅವರ ಮೇಲೆ ಅನುಮಾನ ಇರಲಿಲ್ಲ. ಮುದುಕನಿಗೆ ಯಾವ ಮಂಚದ ಮೇಲೆ, ಯಾವ ಔಷಧದ ಬದಲು ಯಾವುದನ್ನು ಚುಚ್ಚಲಾಯಿತು ಎಂಬುದು ಮೊದಲ ಸಂದೇಶದಲ್ಲೇ ಇತ್ತು. ಅಷ್ಟು ಒಳಗಿನ ಮಾತು ಮೊಟ್ಟೆ ಎಣಿಸುವವರಿಗೆ, ನೀತಿ ಪಾಠ ಹೇಳುವವರಿಗೆ ಗೊತ್ತಿರಲು ಸಾಧ್ಯವಿಲ್ಲ. ಬರೆದವರು ಆಸ್ಪತ್ರೆಯ ಒಳಗಿನವರು. ಅವರು ಈ ಗೋಡೆಗಳ ಹತ್ತಿರವೂ ಇದ್ದಾರೆ.

ಬಿಸಿಲು ಕಿಟಕಿಯಿಂದ ಇಳಿದು ಬಟ್ಟೆಯ ಚೂರುಗಳ ಮೇಲೆ ಬಿದ್ದಿತ್ತು. ಅಕ್ಕ ಯಂತ್ರದ ಮುಂದೆ ಕೂತು ಯಾರದೋ ಲಂಗದ ಅಂಚು ಹೊಲಿಯುತ್ತಿದ್ದಳು. ಹೊಲಿಗೆ ಸೊಟ್ಟಗೆ ಓಡುತ್ತಿತ್ತು. ಅವಳಿಗೆ ಗೊತ್ತೇ ಆಗಲಿಲ್ಲ.

ಬಾಗಿಲಲ್ಲಿ ನೆರಳು ಬಿತ್ತು.

“ಈಗ ಬೇಡ ಪುಟ್ಟಾ,” ಅಕ್ಕ ತಟ್ಟನೆ ಎದ್ದಳು. “ಈಗ ಕೆಲಸ ಇದೆ. ಆಮೇಲೆ ಬಾ.”

“ಬರಲಿ,” ಎಂದಳು ಗರಗಸ.

ಬಂದವಳು ನರ್ಸು. ಪಕ್ಕದ ಮನೆಯ ಬಾಡಿಗೆ ಕೋಣೆಯವಳು. ಅವಳ ಕೋಣೆಗೂ ಈ ಮನೆಗೂ ನಡುವೆ ಒಂದೇ ಗೋಡೆ. ಡಾಕ್ಟರು ಬಿದ್ದ ದಿನ ಆಸ್ಪತ್ರೆಯವರು ಮನೆಯಲ್ಲೇ ಇರು ಎಂದು ಹೇಳಿದ ಮೇಲೆ ಅವಳು ಹೊರಗೆ ಕಾಲಿಟ್ಟಿರಲಿಲ್ಲ. ಕೂದಲು ಬಾಚಿರಲಿಲ್ಲ. ಎದೆಗೆ ಫೋನನ್ನು ಅವುಚಿ ಹಿಡಿದಿದ್ದಳು.

“ನಿನಗೂ ನೆಟ್ ಬೇಕಾ?” ಗರಗಸ ಕೇಳಿದಳು.

ನರ್ಸು ತಲೆಯಾಡಿಸಿದಳು. ಹೌದೋ ಅಲ್ಲವೋ ತಿಳಿಯದಂತೆ. “ಒಂದು ಮೆಸೇಜು ಕಳಿಸ್ಬೇಕಿತ್ತು. ಇನ್‌ಸ್ಪೆಕ್ಟರಿಗೆ. ಬೆಳಗಿಂದ ಬರೆದೆ, ಅಳಿಸಿದೆ, ಬರೆದೆ. ಕೊನೆಗೆ ಧೈರ್ಯ ಮಾಡಿ ಒತ್ತಿದ್ರೆ ಹೋಗ್ತಾ ಇಲ್ಲ. ಸುತ್ತಾನೇ ಇದೆ.”

“ನಿನ್ನ ಫೋನಲ್ಲಿ ಬೇರೆ ನೆಟ್ ಇಲ್ವಾ?”

“ನೆಟ್ ಪ್ಯಾಕ್ ಹಾಕಿಸೋದು ಬಿಟ್ಟಿದ್ದೀನಿ. ಆಸ್ಪತ್ರೇಲಿ ಅಲ್ಲಿಂದು, ಮನೇಲಿ ಇಲ್ಲಿಂದು ತಾನೇ ಬರ್ತಿತ್ತು...” ಅವಳು ಅಕ್ಕನನ್ನು ನೋಡಿದಳು. “ನಿಶ್ಚಯ ಆದ ದಿನ ನಿಮ್ಮ ತಮ್ಮನವರೇ ಪಾಸ್‌ವರ್ಡು ಹಾಕ್ಕೊಟ್ರು. ಆಮೇಲಿಂದ ಫೋನು ತಾನಾಗೇ ಹಿಡ್ಕೊಳ್ಳುತ್ತೆ. ನಾನು ಅದರ ಯೋಚನೆನೇ ಮಾಡ್ಲಿಲ್ಲ. ನಾನು ಕಳಿಸಿದ್ದಕ್ಕೆ ಈ ಮನೆ ಹೆಸರು ಬರುತ್ತೆ ಅಂತ ನನಗೆ ದೇವರಾಣೆಗೂ ಗೊತ್ತಿರಲಿಲ್ಲ.”

“ಏನು ಕಳಿಸಿದ್ದೆ?”

ನರ್ಸು ಫೋನನ್ನು ಚಾಚಿದಳು. ಪರದೆಯ ಮೇಲೆ ಹೋಗದೆ ಉಳಿದ ಮಾತುಗಳಿದ್ದವು. *ಆ ಮೂರು ಸಂದೇಶ ಕಳಿಸಿದವಳು ನಾನು. ನನ್ನ ಬಗ್ಗೆ ನಾನೇ ಬರೆದೆ. ಅದರಲ್ಲಿ ಸುಳ್ಳು ಒಂದೂ ಇಲ್ಲ. ಅವರನ್ನು ಬಿಟ್ಟುಬಿಡಿ.*

ಗರಗಸ ಎರಡು ಸಲ ಓದಿದಳು. ಮೂರನೆಯ ಸಲ ಓದುವಾಗ ಕನ್ನಡಕ ತೆಗೆದು ಒರೆಸಿದಳು.

“ನಿನ್ನ ಮಾನ ನೀನೇ ಕಳ್ಕೊಂಡ್ಯಾ?”

“ಇನ್ನೇನು ಮಾಡ್ಲಿ ಅಮ್ಮಾ?” ಅವಳ ದನಿ ಒಡೆಯಿತು. “ಎರಡು ಸೀಸೆ ಒಂದೇ ಥರ ಇದ್ವು. ನಾನು ನೋಡ್ಲಿಲ್ಲ. ಸುಸ್ತಾಗಿತ್ತು ಅಂತ ಹೇಳ್ಬಹುದು, ಆದ್ರೆ ನೋಡ್ಲಿಲ್ಲ ಅನ್ನೋದೇ ನಿಜ. ಡಾಕ್ಟರಿಗೆ ಹೇಳ್ದೆ. ‘ವಯಸ್ಸಾಗಿತ್ತು, ಹೋದ. ಕೇಳೋರು ಯಾರೂ ಇಲ್ಲ. ಸೀಸೆ ಬಿಸಾಕು, ಬಾಯಿ ಮುಚ್ಕೊಂಡು ಮದುವೆ ಮಾಡ್ಕೋ’ ಅಂದ್ರು. ನನ್ನ ಬಾಯಲ್ಲಿ ಹೇಳೋಕೆ ಆಗ್ಲಿಲ್ಲ. ಯಾರಾದ್ರೂ ಬೇರೆಯವರು ಹೇಳಿದ ಹಾಗೆ ಬರೆದ್ರೆ, ಯಾರಾದ್ರೂ ವಿಚಾರಿಸ್ತಾರೆ, ಹಿಡೀತಾರೆ ಅಂದ್ಕೊಂಡೆ. ಯಾರೂ ವಿಚಾರಿಸ್ಲಿಲ್ಲ. ‘ಪಾಪ, ಯಾರೋ ನಿನ್ನ ಮೇಲೆ ಹೊಟ್ಟೆಕಿಚ್ಚಿಗೆ ಬರೀತಿದ್ದಾರೆ’ ಅಂತ ತಲೆ ಸವರಿದ್ರು. ಅದಕ್ಕೇ ಇನ್ನೊಂದು ಬರೆದೆ. ಮತ್ತೊಂದು ಬರೆದೆ.”

ಅಕ್ಕ ಯಂತ್ರದ ಗಾಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

“ಅದೇನೋ ಸರಿ,” ಎಂದಳು ಗರಗಸ. “ಆದ್ರೆ ಡಾಕ್ಟರಿಗೆ ಬೆದರಿಕೆ ಹಾಕಿದ್ದು ಯಾಕೆ?”

“ಯಾವ ಬೆದರಿಕೆ?”

“ನಾಲ್ಕನೇದು.”

“ನಾಲ್ಕನೇದು ಯಾವುದು? ನಾನು ಬರೆದಿದ್ದು ಮೂರೇ.”

ನಾಲ್ಕನೆಯ ಸಂದೇಶವನ್ನು ಪೊಲೀಸರು ಯಾರಿಗೂ ತೋರಿಸಿರಲಿಲ್ಲ. ಗರಗಸ ತನ್ನ ಫೋನು ತೆರೆದು, ಅವಳ ಕಣ್ಣನ್ನೇ ನೋಡುತ್ತ, ನಿಧಾನವಾಗಿ ಓದಿದಳು. “‘ಖಾಲಿ ಸೀಸೆ ಅವಳು ಬಿಸಾಕಿಲ್ಲ. ಬಿಸಿನೀರಿನ ರಬ್ಬರ್ ಚೀಲದ ಒಳಗಿದೆ. ತಪ್ಪು ಮುಚ್ಚಿಟ್ಟವನು ನಾನೇ ಅಂತ ನೀನೇ ಒಪ್ಪಿಕೊ. ಇಲ್ಲದಿದ್ದರೆ ನಿನಗೂ ಅದೇ ಸೂಜಿ.’”

ನರ್ಸಿನ ಮುಖದ ಬಣ್ಣ ಹೋಯಿತು. “ಇದು ನಂದಲ್ಲ.”

“ಚೀಲದ ವಿಷಯ ನಿಜವಾ?”

“ನಿಜ.”

“ಯಾರಿಗೆ ಹೇಳಿದ್ದೆ? ಅವನಿಗಾ?”

“ಇಲ್ಲ. ಅವರ ಮುಖ ನೋಡಿ ಹೇಳೋ ಧೈರ್ಯ ಇರಲಿಲ್ಲ. ಒಬ್ಬರಿಗೇ ಹೇಳಿದ್ದು. ಮದುವೆ ಬಟ್ಟೆಗೆ ಅಳತೆ ಕೊಡೋಕೆ ಬಂದಾಗ, ತಡೀಲಾರದೆ...”

ಅವಳು ಮಾತು ನಿಲ್ಲಿಸಿದಳು. ಯಾರ ಕಡೆಯೂ ಬೆರಳು ತೋರಿಸಲಿಲ್ಲ. ತೋರಿಸುವ ಅಗತ್ಯ ಇರಲಿಲ್ಲ.

ಅಕ್ಕ ಯಂತ್ರದ ಗಾಲಿ ಬಿಟ್ಟು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. ಬಹಳ ದಿನದಿಂದ ಹೊತ್ತ ಮೂಟೆಯನ್ನು ಇಳಿಸಿದವಳ ಹಾಗೆ, ಆದರೆ ಇಳಿಸಿದ ಜಾಗದಲ್ಲೇ ಮೂಳೆ ಮುರಿದವಳ ಹಾಗೆ ಕೂತಳು.

“ಆ ಮೂರೂ ಡಾಕ್ಟರೇ ಬರೆಸ್ತಿರೋದು, ಎಲ್ಲ ಇವಳ ತಲೆಗೆ ಕಟ್ಟೋಕೆ ಅಂತ ನಾನು ತಿಳ್ಕೊಂಡೆ,” ಎಂದಳು. “ಹೆದರಿಸಿದ್ರೆ ಒಪ್ಕೊಳ್ತಾನೆ, ಹುಡುಗಿ ಉಳೀತಾಳೆ ಅಂತ. ಬೇರೆ ಹೆಸರಲ್ಲಿ ಖಾತೆ ಮಾಡಿ ಕಳಿಸ್ದೆ. ಅಷ್ಟೇ. ಒಂದು ಸುಳ್ಳು ಹೆಸರು, ನಾಲ್ಕು ಸಾಲು.”

ಗರಗಸ ಸ್ಟೂಲು ಎಳೆದು ಅಕ್ಕನ ಎದುರಿಗೇ ಕೂತಳು. “ನೀನೇ ಬರೆದು, ನಿನ್ನ ತಮ್ಮನನ್ನ ಒಳಗೆ ಕೂರಿಸಿ, ನನ್ನ ಕಾಲು ಹಿಡ್ಕೊಂಡು ಬಿಡಿಸಿ ಅಂದ್ಯಾ? ನಾನು ಬರೆದೆ ಅಂತ ಠಾಣೇಲಿ ಒಂದು ಮಾತು ಹೇಳಿದ್ರೆ ಅವನು ಅವತ್ತೇ ಮನೆಗೆ ಬರ್ತಿದ್ದ!”

“ಬರ್ತಿರಲಿಲ್ಲ.”

“ಯಾಕೆ?”

ಅಕ್ಕ ನರ್ಸನ್ನು ನೋಡಲಿಲ್ಲ. ಗರಗಸಳನ್ನೂ ನೋಡಲಿಲ್ಲ.

“ಫೋನು ಮೇಜಿನ ಮೇಲೇ ಬಿಟ್ಟಿದ್ದೆ. ಬೆಳಿಗ್ಗೆ ಅವನು ನೋಡಿಬಿಟ್ಟ. ‘ಇದೇನಕ್ಕಾ’ ಅಂದ. ಎಲ್ಲ ಹೇಳ್ದೆ. ಸೀಸೆ, ಮುದುಕ, ಡಾಕ್ಟರು ಇವಳಿಗೆ ಆಡಿದ ಮಾತು, ಎಲ್ಲ. ಮುಖ ಕಪ್ಪಿಟ್ಟು ಹೋಯ್ತು ಅವನದು. ಹಲ್ಲುಜ್ಜದೆ ಗಾಡಿ ತಗೊಂಡು ಆಸ್ಪತ್ರೆ ಕಡೆ ಹೋದ.”

“ಯಾವ ಬೆಳಿಗ್ಗೆ?” ಕೇಳುವಾಗಲೇ ಗರಗಸಳಿಗೆ ಉತ್ತರ ಗೊತ್ತಿತ್ತು.

“ಡಾಕ್ಟರು ಬಿದ್ದ ಬೆಳಿಗ್ಗೆ.” ಅಕ್ಕ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಬೆರಳ ಸಂದಿಯಿಂದ ಮಾತು ಹೊರಬಿತ್ತು. “ವಾಪಸ್ ಬಂದಾಗ ಅಂಗಿ ತೋಳು ಭುಜದವರೆಗೆ ಹರಿದಿತ್ತು. ಯಾರೋ ಹಿಡಿದು ಎಳೆದ ಹಾಗೆ. ನಾನು ಏನೂ ಕೇಳ್ಲಿಲ್ಲ. ಪೊಲೀಸರು ಬರೋ ಹೊತ್ತಿಗೆ ಗುರುತೇ ಸಿಗದ ಹಾಗೆ ಹೊಲಿದುಕೊಟ್ಟೆ.”